ಮಿಂಚಂಚೆಯ ವಿಷಮಜ್ವರ: ನಿದಾನ ಮತ್ತು ಉಪಶಮನ

ದೂರದಲ್ಲಿರುವವರಿಗೆ ಮನದ ಮಾತನ್ನು ಮುಟ್ಟಿಸಲು ಮಾನವನು ಕಂಡುಕೊಂಡ ಸಾಧನಗಳು ಅನೇಕ. ಓಲೆಕಾರನ ಕೈಯ ಓಲೆ, ಅಂಚೆಯವನ ಚೀಲದ ಕಾಗದ, ತಂತಿಯ ಸಮಾಚಾರ ಇವೆಲ್ಲವೂ ತಮ್ಮ ತಮ್ಮ ಕಾಲದಲ್ಲಿ ಲೋಕೋಪಕಾರ ಮಾಡಿದವು. ನಮ್ಮ ದೇಶದ ತಂತಿ ಸೇವೆಯು 2013ರ ಜುಲೈ ತಿಂಗಳಿನಲ್ಲಿ ಮುಕ್ತಾಯಗೊಂಡಿತು. ಆ ಕಾರ್ಯಭಾರದ ಬಹುಭಾಗವನ್ನು ಇಂದು ಹೊತ್ತಿರುವ ಸಾಧನಗಳಲ್ಲಿ ಇ-ಮೇಲ್ ಮುಖ್ಯವಾದುದು. ಕನ್ನಡದಲ್ಲಿ ಇದಕ್ಕೆ ಮಿಂಚಂಚೆಯೆಂಬ ಅಂದವಾದ ಹೆಸರು ಬಳಕೆಗೆ ಬಂದಿದೆ. ವಿದ್ಯಾಸಂಸ್ಥೆಗಳ ವ್ಯವಹಾರದಲ್ಲಿ ಇದರ ಉಪಯೋಗವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ದಾನಿಗಳಿಗೆ ರಸೀದಿ, ಹಳೆಯ ವಿದ್ಯಾರ್ಥಿಗಳಿಗೆ ಆಮಂತ್ರಣ, ಉನ್ನತ ವ್ಯಾಸಂಗಕ್ಕೆ ಹೊರಟ ಶಿಷ್ಯನ ಪರವಾಗಿ ಗುರುಗಳು ಬರೆಯುವ ಶಿಫಾರಸು ಪತ್ರ, ವಿದ್ಯಾರ್ಥಿವೇತನದ ಕಾಗದಪತ್ರಗಳು ಎಲ್ಲವೂ ಈ ಮಾರ್ಗವಾಗಿ ಸಂಚರಿಸುತ್ತವೆ. ಅಧ್ಯಾಪಕರು ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಗಣಕಯಂತ್ರದ ಮುಂದೆ ಕುಳಿತು ಇವನ್ನು ಕಳುಹಿಸುವುದೂ ವಾಡಿಕೆಯಾಗಿದೆ.

ಇಂಥ ಸಾಧನವು ಪೂರ್ಣವಾಗಿ ಕೆಟ್ಟು ನಿಂತರೆ ಅಷ್ಟಾಗಿ ಚಿಂತಿಸಬೇಕಾಗಿಲ್ಲ. ಕೆಟ್ಟಿತೆಂಬುದು ಕೂಡಲೇ ತಿಳಿಯುತ್ತದೆ. ಬಲ್ಲವರನ್ನು ಕರೆಸಿ ಸರಿಪಡಿಸಿಕೊಳ್ಳಬಹುದು. ಆದರೆ ಬೆಳಿಗ್ಗೆ ಸರಾಗವಾಗಿ ಹೋದ ಪತ್ರ ಸಂಜೆ ಹೋಗದೆ ನಿಲ್ಲುವುದು, ಒಬ್ಬರಿಗೆ ಮುಟ್ಟಿದ್ದು ಮತ್ತೊಬ್ಬರಿಗೆ ಮುಟ್ಟದಿರುವುದು, ಬಲ್ಲವರು ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ನಡೆಯುವುದು, ಅವರು ಬಾಗಿಲು ದಾಟಿದೊಡನೆ ದೋಷ ಮರುಕಳಿಸುವುದು, ಇದು ನಿಜವಾದ ಕಷ್ಟ. ಆಯುರ್ವೇದವು ಇಂಥ ಲಕ್ಷಣವುಳ್ಳ ಜ್ವರವನ್ನು ವಿಷಮಜ್ವರವೆಂದು ಕರೆದಿದೆ. ದಿನಕ್ಕೊಮ್ಮೆ ಬರುವುದು ಅನ್ಯೇದ್ಯುಷ್ಕ, ಮೂರನೆಯ ದಿನಕ್ಕೆ ಮರುಕಳಿಸುವುದು ತೃತೀಯಕ, ನಾಲ್ಕನೆಯ ದಿನಕ್ಕೆ ಬರುವುದು ಚತುರ್ಥಕ. ವೈದ್ಯನು ಆ ಜ್ವರದ ಜಾತಿಯನ್ನು ಗುರುತಿಸುವುದು ಅದು ಬಂದುಹೋಗುವ ಕಾಲಕ್ರಮದಿಂದ. ಮಿಂಚಂಚೆಯ ಆಗಾಗಿನ ಅಡಚಣೆಗೂ ಇದೇ ನಿಯಮ ಅನ್ವಯಿಸುತ್ತದೆ. ಬಿಟ್ಟು ಬಿಟ್ಟು ಬರುವ ದೋಷವನ್ನು ಊಹೆಯಿಂದ ಹಿಡಿಯಲಾಗದು. ಅದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬ ಬರಹದ ದಾಖಲೆಯಿಂದ ಮಾತ್ರವೇ ಹಿಡಿಯಬಹುದು. ಈ ತತ್ತ್ವದ ವಿವರಣೆಯೇ ಪ್ರಕೃತ ಲೇಖನದ ಉದ್ದೇಶ.

ಪತ್ರದ ಪಯಣ

ಚಿಕಿತ್ಸೆಗೆ ಮೊದಲು ಶರೀರಜ್ಞಾನ ಬೇಕು. ಜಾಲದ ಮೂಲಕ ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಪತ್ರ ಕಳುಹಿಸುವ ಕ್ರಮವನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬವರು ರೂಪಿಸಿದರು. ವ್ಯಕ್ತಿಯ ಹೆಸರನ್ನೂ ಆತನ ಗಣಕದ ಹೆಸರನ್ನೂ ಬೇರ್ಪಡಿಸಲು ‘ಅಟ್’ ಚಿಹ್ನೆಯನ್ನು ಆರಿಸಿಕೊಂಡವರೂ ಅವರೇ. 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದರ ಪರಿಷ್ಕೃತ ರೂಪವೇ ಇಂದಿಗೂ ಪತ್ರರವಾನೆಗೆ ಆಧಾರ. ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ವಿದೇಶ ಸಂಚಾರ ನಿಗಮದ ಮೂಲಕ 1995ರ ಆಗಸ್ಟ್ 15ರಂದು ದೊರೆಯಿತು.

ಮನೆಯಿಂದ ಹೊರಟ ಪತ್ರಕ್ಕೆ ದಾರಿಯಲ್ಲಿ ನಾಲ್ಕು ತಂಗುದಾಣಗಳಿವೆಯೆಂದು ಭಾವಿಸಬಹುದು. ಮೊದಲನೆಯದು ಗಣಕದಲ್ಲಿರುವ ಪತ್ರತಂತ್ರಾಂಶ; ಥಂಡರ್‌ಬರ್ಡ್, ಔಟ್‌ಲುಕ್ ಮೊದಲಾದವು ಈ ಜಾತಿಯವು. ಎರಡನೆಯದು ಮನೆಯ ರೂಟರ್ ಮತ್ತು ಅದನ್ನು ಹೊರಲೋಕಕ್ಕೆ ಜೋಡಿಸುವ ಇಂಟರ್‌ನೆಟ್ ಕಂಪನಿಯ ತಂತು. ಮೂರನೆಯದು ಪತ್ರ ಬರೆದವರ ಇ-ಮೇಲ್ ಖಾತೆಯನ್ನು ನಡೆಸುವ ಸಂಸ್ಥೆಯ ಸರ್ವರ್. ಇದನ್ನು ನಮ್ಮೂರಿನ ಅಂಚೆ ಕಚೇರಿಯೆನ್ನಬಹುದು. ನಾಲ್ಕನೆಯದು ಪತ್ರ ಪಡೆಯುವವರ ಕಡೆಯ ಸರ್ವರ್. ಅದು ಅವರೂರಿನ ಅಂಚೆ ಕಚೇರಿ. ಮೂರನೆಯ ತಂಗುದಾಣದವರೆಗಿನ ದಾರಿ ಒಂದು ಘಟ್ಟ, ಅಲ್ಲಿಂದ ಮುಂದಿನದು ಮತ್ತೊಂದು ಘಟ್ಟ. ದೋಷವು ಯಾವ ಘಟ್ಟದಲ್ಲಿದೆಯೆಂಬುದನ್ನು ನಿರ್ಣಯಿಸಿದರೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ಇಲ್ಲಿ ಸಾಮಾನ್ಯವಾದ ಒಂದು ಭ್ರಾಂತಿಯನ್ನು ನಿವಾರಿಸಬೇಕು. ‘ಪತ್ರಗಳು ಬರುತ್ತಿವೆ, ಆದುದರಿಂದ ಎಲ್ಲವೂ ಸರಿಯಾಗಿದೆ’ ಎಂದು ಅನೇಕರು ತಿಳಿಯುತ್ತಾರೆ. ಪತ್ರ ಕಳುಹಿಸುವ ಕಾರ್ಯ ಎಸ್‌ಎಂಟಿಪಿಯದು. ಬಂದ ಪತ್ರವನ್ನು ತಂದುಕೊಡುವ ಕಾರ್ಯ ಐಮ್ಯಾಪ್ ಅಥವಾ ಪಾಪ್ ಎಂಬ ಬೇರೆ ನಿಯಮಾವಳಿಗಳದು. ಮನೆಗೆ ಟಪಾಲು ತಂದುಕೊಡುವ ಅಂಚೆಯವನು ಬೇರೆ, ಹೊರಗೆ ಹೋಗುವ ಪತ್ರವನ್ನು ಹಾಕುವ ಕೆಂಪು ಪೆಟ್ಟಿಗೆ ಬೇರೆ. ಒಂದು ಸರಿಯಿರುವುದು ಮತ್ತೊಂದು ಸರಿಯಿರುವುದಕ್ಕೆ ಪ್ರಮಾಣವಾಗಲಾರದು.

ಪತ್ರ ನಿಂತುದೆಲ್ಲಿ?

ಪತ್ರ ಹೋಗಲಿಲ್ಲವೆಂಬ ಸಂಶಯ ಬಂದೊಡನೆ ನೋಡತಕ್ಕ ಸ್ಥಳಗಳು ಮೂರು. ಪತ್ರವು ಔಟ್‌ಬಾಕ್ಸ್ ಎಂಬ ಕಡತದಲ್ಲಿಯೇ ಉಳಿದಿದ್ದರೆ ಅದು ಮನೆಯ ಹೊಸ್ತಿಲನ್ನೇ ದಾಟಿಲ್ಲ. ದೋಷವು ಮೊದಲ ಘಟ್ಟದಲ್ಲಿದೆ. ಪತ್ರವು ಸೆಂಟ್ ಎಂಬ ಕಡತಕ್ಕೆ ಸೇರಿದ್ದರೆ ಸಾಮಾನ್ಯವಾಗಿ ನಮ್ಮೂರಿನ ಅಂಚೆ ಕಚೇರಿ ಅದನ್ನು ಸ್ವೀಕರಿಸಿದೆಯೆಂದು ತಿಳಿಯಬೇಕು. ತೊಂದರೆಯಿದ್ದರೆ ಅದು ಎರಡನೆಯ ಘಟ್ಟದಲ್ಲಿದೆ. ಪತ್ರವು ಹೋಗಿ ಕೆಲಹೊತ್ತಿನ ಮೇಲೆ ನಿರಾಕರಣೆಯ ಒಕ್ಕಣೆಯೊಡನೆ ಹಿಂದಿರುಗಿ ಬಂದಿದ್ದರೆ ಆ ಒಕ್ಕಣೆಯಲ್ಲಿಯೇ ಕಾರಣ ಬರೆದಿರುತ್ತದೆ. ಇಂಗ್ಲಿಷಿನಲ್ಲಿರುವ ಆ ಉದ್ದದ ಬರಹವನ್ನು ಕಂಡು ಬೇಸರದಿಂದ ಅಳಿಸಿಹಾಕುವವರೇ ಹೆಚ್ಚು. ಅದನ್ನು ಅಳಿಸುವುದೆಂದರೆ ರೋಗಿಯ ನಾಡಿಯನ್ನು ನೋಡದೆ ಮದ್ದು ಕೊಟ್ಟಂತೆ.

ಆ ಒಕ್ಕಣೆಯಲ್ಲಿ ಮೂರಂಕಿಯ ಒಂದು ಸಂಖ್ಯೆಯಿರುತ್ತದೆ. ಅದು 4ರಿಂದ ಆರಂಭವಾಗಿದ್ದರೆ ನಿರಾಕರಣೆ ತಾತ್ಕಾಲಿಕ. 5ರಿಂದ ಆರಂಭವಾಗಿದ್ದರೆ ಖಂಡಿತವಾದುದು. 421 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ. 450 ಎಂದರೆ ಪಡೆಯುವವರ ಪೆಟ್ಟಿಗೆ ಸದ್ಯಕ್ಕೆ ತೆರೆದಿಲ್ಲ. 535 ಎಂದರೆ ಖಾತೆಯ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ. 550 ಎಂದರೆ ಅಂಥ ವಿಳಾಸವಿಲ್ಲ, ಅಥವಾ ಆ ಕಡೆಯವರು ತಮ್ಮ ನಿಯಮದ ಮೇರೆಗೆ ಪತ್ರವನ್ನು ತಿರಸ್ಕರಿಸಿದರು. 552 ಎಂದರೆ ಪತ್ರದ ಗಾತ್ರ ಮಿತಿ ಮೀರಿದೆ, ಅಥವಾ ಪೆಟ್ಟಿಗೆ ತುಂಬಿದೆ. ತಾತ್ಕಾಲಿಕ ನಿರಾಕರಣೆಯಾದಾಗ ನಮ್ಮ ಕಡೆಯ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನಗಳವರೆಗೆ ಪ್ರಯತ್ನಿಸಬೇಕೆಂಬುದು ನಿಯಮಾವಳಿಯ ಸೂಚನೆ. ಅಪರಿಚಿತರ ಮೊದಲ ಪತ್ರವನ್ನು ಬೇಕೆಂದೇ ಒಮ್ಮೆ ಹಿಂದಕ್ಕೆ ಕಳುಹಿಸಿ, ಎರಡನೆಯ ಪ್ರಯತ್ನದಲ್ಲಿ ಸ್ವೀಕರಿಸುವ ಸರ್ವರ್‌ಗಳೂ ಉಂಟು. ಅಂಥಲ್ಲಿ ಆಗುವುದು ವಿಳಂಬವೇ ಹೊರತು ನಷ್ಟವಲ್ಲ.

ಈ ವಿವೇಚನೆಯಿಲ್ಲದಿದ್ದರೆ ಆಗುವ ಹಾನಿ ಸಣ್ಣದಲ್ಲ. ಒಬ್ಬ ಗುರುಗಳು ಶಿಷ್ಯನ ಶಿಫಾರಸು ಪತ್ರವನ್ನು ಕೊನೆಯ ದಿನಾಂಕದ ಹಿಂದಿನ ಸಂಜೆ ಬರೆದು, ಕಳುಹಿಸುವ ಗುಂಡಿಯನ್ನು ಒತ್ತಿ, ಗಣಕವನ್ನು ಮುಚ್ಚಿ ಮಲಗುತ್ತಾರೆಂದು ಭಾವಿಸೋಣ. ಪತ್ರ ಔಟ್‌ಬಾಕ್ಸಿನಲ್ಲಿಯೇ ಉಳಿಯುತ್ತದೆ. ಎರಡು ದಿನಗಳ ಮೇಲೆ ಗಣಕವನ್ನು ತೆರೆದಾಗ ಅದು ಸದ್ದಿಲ್ಲದೆ ಹೊರಟುಹೋಗುತ್ತದೆ. ಗುರುಗಳ ದೃಷ್ಟಿಯಲ್ಲಿ ಪತ್ರ ಹೋಗಿದೆ; ವಿಶ್ವವಿದ್ಯಾಲಯದ ದೃಷ್ಟಿಯಲ್ಲಿ ತಡವಾಗಿದೆ; ಶಿಷ್ಯನ ದೃಷ್ಟಿಯಲ್ಲಿ ಗುರುಗಳು ಮರೆತಿದ್ದಾರೆ. ದಾನಿಯೊಬ್ಬರಿಗೆ ರಸೀದಿ ಮುಟ್ಟದಿದ್ದಾಗಲೂ ಹೀಗೆಯೇ. ಯಂತ್ರದ ದೋಷವು ಮನುಷ್ಯರ ನಡುವಣ ವಿಶ್ವಾಸದ ದೋಷವಾಗಿ ಪರಿಣಮಿಸುತ್ತದೆ. ಯಾರೂ ತಪ್ಪು ಮಾಡಿರುವುದಿಲ್ಲ. ಆದರೆ ಎಲ್ಲರ ಮನಸ್ಸೂ ಕಹಿಯಾಗುತ್ತದೆ.

ದೋಷದ ಬಗೆಗಳು

ಬಿಟ್ಟು ಬಿಟ್ಟು ಬರುವ ದೋಷಗಳನ್ನು ಅವು ಯಾವುದನ್ನು ಅನುಸರಿಸಿ ಬರುತ್ತವೆಯೆಂಬುದರ ಮೇಲೆ ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲವನ್ನು ಅನುಸರಿಸುವ ದೋಷ. ಸಂಜೆಯ ಹೊತ್ತಿನಲ್ಲಿ ಬೀದಿಯ ಎಲ್ಲ ಮನೆಗಳವರೂ ಇಂಟರ್‌ನೆಟ್ ಬಳಸುವುದರಿಂದ ತಂತುವಿನ ಮೇಲೆ ಭಾರ ಹೆಚ್ಚಿ ವೇಗ ಕುಗ್ಗುವುದುಂಟು. ವಿದ್ಯುತ್ತು ಹೋಗಿ ಬಂದ ಮೇಲೆ ರೂಟರ್ ಸಿದ್ಧವಾಗಲು ಕೆಲವು ನಿಮಿಷಗಳು ಬೇಕು. ಅಷ್ಟರೊಳಗೆ ಕಳುಹಿಸಿದ ಪತ್ರ ಸೋಲುತ್ತದೆ. ಹಳೆಯ ಗಣಕಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಗಣಕದ ಒಳಗಿನ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಪುಟ್ಟ ಬ್ಯಾಟರಿಯ ಶಕ್ತಿ ಮುಗಿದಿದ್ದರೆ, ವಿದ್ಯುತ್ತು ಹೋದಾಗಲೆಲ್ಲ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಸರಿಯುತ್ತದೆ. ಸರ್ವರ್ ತನ್ನ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಗಡಿಯಾರ ತಪ್ಪಿದ ಗಣಕವು ಆ ಪ್ರಮಾಣಪತ್ರವನ್ನು ಸಿಂಧುವಲ್ಲವೆಂದು ಬಗೆದು ಸಂಪರ್ಕವನ್ನೇ ನಿರಾಕರಿಸುತ್ತದೆ. ಕೆಲಹೊತ್ತಿನ ಮೇಲೆ ಜಾಲದಿಂದ ಸರಿಯಾದ ಸಮಯ ದೊರೆತಾಗ ಪತ್ರ ತಾನಾಗಿ ಹೋಗುತ್ತದೆ. ವಿದ್ಯುತ್ತು ಆಗಾಗ ಕೈಕೊಡುವ ಊರುಗಳಲ್ಲಿ ಇದನ್ನು ಮೊದಲು ಶಂಕಿಸಬೇಕು. ಇದರ ಪರಿಹಾರ ಅಲ್ಪ ಬೆಲೆಯ ಒಂದು ಬ್ಯಾಟರಿ.

ಎರಡನೆಯದು ಗಾತ್ರವನ್ನು ಅನುಸರಿಸುವ ದೋಷ. ಬರಿಯ ಬರಹ ಹೋಗುತ್ತದೆ, ಲಗತ್ತು ಸೇರಿದರೆ ನಿಲ್ಲುತ್ತದೆ. ಜಿಮೇಲ್ ಖಾತೆಯಿಂದ ಕಳುಹಿಸುವ ಲಗತ್ತಿನ ಮಿತಿ 25 ಮೆಗಾಬೈಟ್. ಪಡೆಯುವವರ ಕಡೆ ಮಿತಿ ಇನ್ನೂ ಕಡಿಮೆಯಿರಬಹುದು. ಮಿಂಚಂಚೆಯ ಹಾದಿಯು ಮೂಲತಃ ಸರಳವಾದ ಇಂಗ್ಲಿಷ್ ಅಕ್ಷರಗಳಿಗಾಗಿ ನಿರ್ಮಿತವಾದುದರಿಂದ ಚಿತ್ರ, ಪುಸ್ತಕ ಮುಂತಾದವನ್ನು ಅಕ್ಷರರೂಪಕ್ಕೆ ಪರಿವರ್ತಿಸಿ ಸಾಗಿಸುತ್ತಾರೆ. ಈ ಪರಿವರ್ತನೆಯಲ್ಲಿ ಪ್ರತಿ ಮೂರು ಪಾಲು ನಾಲ್ಕು ಪಾಲಾಗುತ್ತದೆ. 15 ಮೆಗಾಬೈಟಿನ ಲಗತ್ತು ದಾರಿಯಲ್ಲಿ 20 ಮೆಗಾಬೈಟ್ ಆಗುತ್ತದೆ. ಅಲ್ಲದೆ ಎಸ್‌ಎಂಟಿಪಿಯಲ್ಲಿ ನಡುದಾರಿಯಲ್ಲಿ ತುಂಡಾದ ಪತ್ರವನ್ನು ಅಲ್ಲಿಂದಲೇ ಮುಂದುವರಿಸುವ ಉಪಾಯ ಬಳಕೆಯಲ್ಲಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕು. ಆದಕಾರಣ ಪತ್ರ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಇದೇ ಸಂದರ್ಭದಲ್ಲಿ ಒಂದು ಶಂಕೆಯನ್ನು ಪರಿಹರಿಸುವುದು ಉಚಿತ. ಕನ್ನಡದಲ್ಲಿ ಬರೆದುದರಿಂದ ಪತ್ರ ನಿಂತಿತೇ ಎಂದು ಕೆಲವರು ಅಳುಕುತ್ತಾರೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ಥಾನವಿದೆ. ಇಂದು ಬಳಕೆಯಲ್ಲಿರುವ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕಾಗುವುದು ನಿಜ. ಆದರೆ ಹತ್ತು ಪುಟದ ಕನ್ನಡ ಬರಹವೂ ಒಂದು ಸಾಧಾರಣ ಛಾಯಾಚಿತ್ರದ ಮುಂದೆ ಅತ್ಯಲ್ಪ. ಕನ್ನಡದ ಮೇಲೆ ಈ ಅಪವಾದ ಸಲ್ಲದು.

ಮೂರನೆಯದು ಸ್ಥಳವನ್ನು ಅನುಸರಿಸುವ ದೋಷ. ಶಾಲೆಯಲ್ಲಿ ಪತ್ರ ಕಳುಹಿಸಿದ ಲ್ಯಾಪ್‌ಟಾಪ್ ಮನೆಯಲ್ಲಿ ಕಳುಹಿಸದು. ಸರ್ವರಿಗೆ ಹಲವು ಬಾಗಿಲುಗಳುಂಟು. ಪ್ರತಿ ಬಾಗಿಲಿಗೂ ಒಂದು ಸಂಖ್ಯೆ. ಹಿಂದೆ ಎಲ್ಲರೂ 25ನೆಯ ಬಾಗಿಲನ್ನು ಬಳಸುತ್ತಿದ್ದರು. ಅನಪೇಕ್ಷಿತ ಪತ್ರಗಳ ಹಾವಳಿ ಹೆಚ್ಚಿದ ಮೇಲೆ ಹಲವು ಇಂಟರ್‌ನೆಟ್ ಕಂಪನಿಗಳು ಮನೆಗಳಿಂದ ಆ ಬಾಗಿಲಿಗೆ ಹೋಗುವ ದಾರಿಯನ್ನು ಮುಚ್ಚಿದವು. ಖಾತೆದಾರರು ಪತ್ರ ಒಪ್ಪಿಸುವುದಕ್ಕಾಗಿಯೇ 587ನೆಯ ಬಾಗಿಲನ್ನು 1998ರಲ್ಲಿ ಗೊತ್ತುಪಡಿಸಲಾಯಿತು. ಆರಂಭದಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನೆಯ ಬಾಗಿಲನ್ನು 2018ರ ನಿಯಮಾವಳಿ ಶಿಫಾರಸು ಮಾಡಿದೆ. ಪತ್ರತಂತ್ರಾಂಶದಲ್ಲಿ ಇನ್ನೂ 25 ಎಂದೇ ಇದ್ದರೆ ಅದನ್ನು ಬದಲಿಸತಕ್ಕದ್ದು. ಮನೆಯೊಳಗೇ ಸ್ಥಳಭೇದವೂ ಉಂಟು: ರೂಟರ್ ನಡುಮನೆಯಲ್ಲಿದ್ದು ಗಣಕ ಹಿಂಬದಿಯ ಕೋಣೆಯಲ್ಲಿದ್ದರೆ ದಪ್ಪ ಗೋಡೆಗಳು ವೈ-ಫೈ ಅಲೆಯನ್ನು ಕುಗ್ಗಿಸುತ್ತವೆ.

ನಾಲ್ಕನೆಯದು ಪಡೆಯುವವರನ್ನು ಅನುಸರಿಸುವ ದೋಷ. ಹತ್ತು ಜನರಿಗೆ ಮುಟ್ಟಿ ಇಬ್ಬರಿಗೆ ಮುಟ್ಟದಿದ್ದರೆ ಮನೆಯ ಗಣಕವನ್ನು ಬಿಚ್ಚಿ ಫಲವಿಲ್ಲ. ಆ ಇಬ್ಬರ ಪೆಟ್ಟಿಗೆ ತುಂಬಿರಬಹುದು, ಅಥವಾ ಪತ್ರ ಅವರ ಸ್ಪ್ಯಾಮ್ ಕಡತದಲ್ಲಿ ಅಡಗಿರಬಹುದು. ಸಂಸ್ಥೆಯ ಸ್ವಂತ ಹೆಸರಿನ ವಿಳಾಸವನ್ನು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಯಾವ ಸರ್ವರ್ ಆ ಹೆಸರಿನಲ್ಲಿ ಪತ್ರ ಕಳುಹಿಸಲು ಅಧಿಕೃತವೆಂಬುದನ್ನು ಸಾರುವ ಎಸ್‌ಪಿಎಫ್ ಎಂಬ ಘೋಷಣೆಯೂ, ಪತ್ರಕ್ಕೆ ಮುದ್ರೆಯೊತ್ತುವ ಡಿಕೆಐಎಂ ಎಂಬ ಕ್ರಮವೂ ಇವೆ. ಜಿಮೇಲ್ ಪೆಟ್ಟಿಗೆಗಳಿಗೆ ಪತ್ರ ಕಳುಹಿಸುವ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಬೇಕೆಂದು 2024ರ ಫೆಬ್ರುವರಿಯಿಂದ ಗೂಗಲ್ ಕಡ್ಡಾಯಪಡಿಸಿತು. ಇವಿಲ್ಲದ ಪತ್ರವನ್ನು ಒಂದು ಸರ್ವರ್ ಸ್ವೀಕರಿಸಿದರೆ ಮತ್ತೊಂದು ತಿರಸ್ಕರಿಸುತ್ತದೆ.

ಐದನೆಯದು ಸಂಖ್ಯೆಯನ್ನು ಅನುಸರಿಸುವ ದೋಷ. ವಾರ್ಷಿಕೋತ್ಸವದ ಆಮಂತ್ರಣವನ್ನು ಏಳುನೂರು ಹಳೆಯ ವಿದ್ಯಾರ್ಥಿಗಳಿಗೆ ಒಂದೇ ದಿನ ಕಳುಹಿಸಲು ಹೊರಟರೆ ನಡುವೆ ತಡೆಯುಂಟಾಗುವುದು ನಿಶ್ಚಯ. ಸಾಮಾನ್ಯ ಜಿಮೇಲ್ ಖಾತೆಗೆ ದಿನವೊಂದಕ್ಕೆ 500ರ ಮಿತಿಯಿದೆ. ಮೀರಿದವರು 1ರಿಂದ 24 ಗಂಟೆಗಳವರೆಗೆ ಕಾಯಬೇಕಾಗುತ್ತದೆ. ಇದೇ ಜಾತಿಗೆ ಸೇರಿದ ಮತ್ತೊಂದು ದೋಷ ಪಾಸ್‌ವರ್ಡಿನದು. ಮನೆಯ ಒಂದು ಗಣಕದಲ್ಲಿ ಹೊಸ ಪಾಸ್‌ವರ್ಡ್, ಮೂಲೆಗೆ ಸೇರಿದ ಹಳೆಯ ಗಣಕದಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ, ಹಳೆಯದು ಮತ್ತೆ ಮತ್ತೆ ತಪ್ಪು ಪ್ರವೇಶ ಯತ್ನ ಮಾಡಿ ಇಡೀ ಖಾತೆಯನ್ನೇ ಕೆಲಕಾಲ ತಡೆಹಿಡಿಯುವಂತೆ ಮಾಡಬಲ್ಲದು. ಆಗ ಸರಿಯಾದ ಪಾಸ್‌ವರ್ಡ್ ಇರುವ ಗಣಕವೂ ಸುಮ್ಮನೆ ಶಿಕ್ಷೆ ಅನುಭವಿಸುತ್ತದೆ.

ಐನೂರು ಮೈಲಿಯ ಪ್ರಸಂಗ

ದಾಖಲೆಯ ಮಹತ್ವವನ್ನು ಸಾರುವ ಪ್ರಸಂಗವೊಂದು ಗಣಕಲೋಕದಲ್ಲಿ ಪ್ರಸಿದ್ಧವಾಗಿದೆ. ಟ್ರೇ ಹ್ಯಾರಿಸ್ ಎಂಬವರು 1990ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿಶ್ವವಿದ್ಯಾಲಯವೊಂದರ ಮಿಂಚಂಚೆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದಾಗ ನಡೆದ ಇದನ್ನು ಅವರೇ 2002ರಲ್ಲಿ ಬರೆದು ಪ್ರಕಟಿಸಿದರು. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಒಂದು ದಿನ ದೂರವಾಣಿಯಲ್ಲಿ, ತಮ್ಮ ವಿಭಾಗದಿಂದ ಐನೂರು ಮೈಲಿಗಿಂತ ತುಸು ಹೆಚ್ಚು ದೂರದವರೆಗೆ ಮಾತ್ರ ಪತ್ರಗಳು ಹೋಗುತ್ತವೆಯೆಂದೂ ಅದಕ್ಕಿಂತ ಆಚೆಗೆ ಹೋಗುವುದಿಲ್ಲವೆಂದೂ ದೂರಿತ್ತರು. ಕೇಳಿದವರಿಗೆ ನಗು ಬರುವ ಮಾತಿದು, ಮಿಂಚಂಚೆಗೆ ಮೈಲಿಗಲ್ಲುಗಳೆಲ್ಲಿ? ಆದರೆ ಸಂಖ್ಯಾಶಾಸ್ತ್ರದ ಆ ವಿದ್ವಾಂಸರು ದೂರು ಕೊಡುವ ಮೊದಲು ಹಲವು ದಿನ ಕಾದು, ಯಾವ ಊರಿಗೆ ಹೋಯಿತು, ಯಾವ ಊರಿಗೆ ಹೋಗಲಿಲ್ಲವೆಂಬ ವಿವರಗಳನ್ನು ಸಂಗ್ರಹಿಸಿದ್ದರು. ಹ್ಯಾರಿಸ್ ಸ್ವತಃ ಪರೀಕ್ಷಿಸಿದಾಗ ನ್ಯೂಯಾರ್ಕಿಗೆ ಹೋಯಿತು, ಅದಕ್ಕಿಂತ ದೂರದ ಬಾಸ್ಟನ್ನಿಗೆ ಹೋಗಲಿಲ್ಲ.

ಕಾರಣ ವಿಚಿತ್ರವಾದರೂ ಸರಳವಾಗಿತ್ತು. ಸರ್ವರಿನ ತಂತ್ರಾಂಶವನ್ನು ಯಾರೋ ನವೀಕರಿಸುವಾಗ ಪತ್ರರವಾನೆಯ ಭಾಗವು ಹಳೆಯ ಆವೃತ್ತಿಗೆ ಹಿಂದಿರುಗಿತ್ತು. ಹೊಸ ಆವೃತ್ತಿಗಾಗಿ ಬರೆದಿದ್ದ ಕಟ್ಟಳೆಗಳು ಹಳೆಯದಕ್ಕೆ ಅರ್ಥವಾಗದೆ, ಎದುರು ಸರ್ವರಿನ ಉತ್ತರಕ್ಕಾಗಿ ಕಾಯುವ ಗಡುವು ಸೊನ್ನೆಯಾಗಿಬಿಟ್ಟಿತ್ತು. ವಾಸ್ತವವಾಗಿ ಆ ಯಂತ್ರ ಸೆಕೆಂಡಿನ ಸಾವಿರದ ಮೂರು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಮಾತ್ರ ಕಾಯುತ್ತಿತ್ತು. ಅಷ್ಟು ಹೊತ್ತಿನಲ್ಲಿ ಬೆಳಕು ಕ್ರಮಿಸುವ ದೂರ ಸುಮಾರು 558 ಮೈಲಿ, ಅಂದರೆ 900 ಕಿಲೋಮೀಟರಿನಷ್ಟು. ವರದಿ ಹಾಸ್ಯಾಸ್ಪದವಾಗಿ ಕಂಡರೂ ನಿಖರವಾಗಿದ್ದುದರಿಂದಲೇ ದೋಷ ಸಿಕ್ಕಿತು. ‘ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಹೋಗುವುದಿಲ್ಲ’ ಎಂದಷ್ಟೇ ಹೇಳಿದ್ದರೆ ಅದು ಎಂದಿಗೂ ಸಿಗುತ್ತಿರಲಿಲ್ಲ.

ಕಾಕತಾಳೀಯ ಮತ್ತು ಅನ್ವಯ-ವ್ಯತಿರೇಕ

ಕಾಗೆ ಬಂದು ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಾಗ ಕಾಗೆಯೇ ಹಣ್ಣನ್ನು ಕೆಡವಿತೆಂದು ಭ್ರಮಿಸುವುದನ್ನು ಕಾಕತಾಳೀಯವೆಂದು ಹಿರಿಯರು ಎಚ್ಚರಿಸಿದ್ದಾರೆ. ಆಗಾಗ ಬರುವ ದೋಷದ ವಿಷಯದಲ್ಲಿ ಈ ಭ್ರಮೆ ಪದೇ ಪದೇ ಎದುರಾಗುತ್ತದೆ. ರೂಟರನ್ನು ಆರಿಸಿ ಹೊತ್ತಿಸಿದರು, ಪತ್ರ ಹೋಯಿತು. ಆದುದರಿಂದ ರೂಟರ್ ಕೆಟ್ಟಿದೆಯೆಂದು ಹೊಸದನ್ನು ಕೊಂಡರು. ಒಂದು ವಾರದಲ್ಲಿ ದೋಷ ಮರಳಿ ಬಂತು. ತಾನಾಗಿ ಬಿಡುವ ಜ್ವರವನ್ನು ಯಾವ ಮದ್ದು ಬೇಕಾದರೂ ಬಿಡಿಸಿದಂತೆ ತೋರುತ್ತದೆ. ಒಮ್ಮೆ ಪತ್ರ ಹೋದುದು ಯಾವುದಕ್ಕೂ ಪ್ರಮಾಣವಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಶಾಸ್ತ್ರಕಾರರು ಹೇಳಿದ ಮಾರ್ಗ ಅನ್ವಯ-ವ್ಯತಿರೇಕಗಳದು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡೂ ಸಿದ್ಧವಾದಾಗ ಮಾತ್ರ ಕಾರಣವು ನಿಶ್ಚಯವಾಗುತ್ತದೆ. ಇದನ್ನು ಆಚರಣೆಗೆ ತರಲು ಬೇಕಾದುದು ಒಂದು ನೋಟುಬುಕ್ಕು. ಅದರಲ್ಲಿ ದಿನಾಂಕ, ವೇಳೆ, ಯಾವ ಖಾತೆಯಿಂದ, ಯಾರಿಗೆ, ಎಷ್ಟು ಗಾತ್ರ, ಯಾವ ಸಂಪರ್ಕ, ಫಲವೇನು, ದೋಷಸಂಖ್ಯೆಯೇನು ಎಂಬುದನ್ನು ಸೋತಾಗಲೂ ಗೆದ್ದಾಗಲೂ ಬರೆದಿಡಬೇಕು. ಗೆದ್ದುದನ್ನು ಬರೆಯದೆ ಸೋತುದನ್ನು ಮಾತ್ರ ಬರೆದರೆ ವ್ಯತಿರೇಕ ಸಿಗುವುದಿಲ್ಲ.

ಬಳಿಕ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಬೇಕು. ದೋಷವಿರುವ ಹೊತ್ತಿನಲ್ಲಿಯೇ ಅದೇ ಖಾತೆಯನ್ನು ಬ್ರೌಸರಿನಲ್ಲಿ ತೆರೆದು ಅದೇ ಪತ್ರವನ್ನು ಕಳುಹಿಸಬೇಕು. ಅಲ್ಲಿ ಹೋದರೆ ಖಾತೆ ಸರಿಯಿದೆ. ಪತ್ರತಂತ್ರಾಂಶ, ಅದರ ಬಾಗಿಲಿನ ಸಂಖ್ಯೆ, ಅಥವಾ ಹೊರಹೋಗುವ ಪತ್ರಗಳನ್ನು ತಪಾಸಣೆ ಮಾಡುವ ಆ್ಯಂಟಿವೈರಸ್ ಶಂಕಾಸ್ಪದ. ಅಲ್ಲಿಯೂ ಹೋಗದಿದ್ದರೆ ಗಣಕವನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ ನೋಡಬೇಕು. ಆಗ ಹೋದರೆ ಮನೆಯ ರೂಟರ್ ಅಥವಾ ತಂತು ಶಂಕಾಸ್ಪದ. ಬಳಿಕ ಲಗತ್ತಿಲ್ಲದ ಸಣ್ಣ ಪತ್ರವೊಂದನ್ನು ತಮ್ಮ ವಿಳಾಸಕ್ಕೇ ಕಳುಹಿಸಿಕೊಂಡು, ಆಮೇಲೆ ದೊಡ್ಡದನ್ನು ಕಳುಹಿಸಿ ಗಾತ್ರದ ಪಾತ್ರವನ್ನು ತಿಳಿಯಬೇಕು. ವೈ-ಫೈ ಬದಲು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ ನೋಡುವುದು ಮತ್ತೊಂದು ಪರೀಕ್ಷೆ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿ ಮೀರಬಾರದ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ದೊರೆತರೂ ಜ್ಞಾನ ದೊರೆಯದು.

ಒಂದು ದೃಷ್ಟಾಂತ

ಹಳೆಯ ವಿದ್ಯಾರ್ಥಿಗಳ ಸಂಘವೊಂದರ ಕಾರ್ಯದರ್ಶಿಯೊಬ್ಬರು ಮನೆಯಿಂದ ಸದಸ್ಯರಿಗೆ ಪತ್ರ ಕಳುಹಿಸುತ್ತಾರೆಂದು ಇಟ್ಟುಕೊಳ್ಳೋಣ. ಕೆಲವು ಸಂಜೆ ಪತ್ರಗಳು ನಿಲ್ಲುತ್ತವೆ. ಅವರು ರೂಟರನ್ನು ಆರಿಸಿ ಹೊತ್ತಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಮತ್ತೆ ಪ್ರಯತ್ನಿಸಿದರೆ ಹೋಗುತ್ತವೆ. ರೂಟರಿನ ಮೇಲೆಯೇ ಅವರ ಗುಮಾನಿ. ಹತ್ತು ದಿನ ನೋಟುಬುಕ್ಕಿನಲ್ಲಿ ಬರೆದು ನೋಡಿದಾಗ ಬೇರೆಯೇ ಸಂಗತಿ ಕಾಣುತ್ತದೆ. ಸಣ್ಣ ಪತ್ರಗಳು ಸಂಜೆಯೂ ಹೋಗಿವೆ. 12 ಮೆಗಾಬೈಟಿನ ಆಮಂತ್ರಣ ಪತ್ರಿಕೆ ಬೆಳಿಗ್ಗೆ ಹೋಗಿದೆ. ಸಂಜೆ ಏಳರಿಂದ ಒಂಬತ್ತರವರೆಗೆ ಒಮ್ಮೆಯೂ ಹೋಗಿಲ್ಲ. ಕೇಬಲ್ ಜೋಡಿಸಿದರೂ ಸಂಜೆ ಹೋಗದು. ಆದುದರಿಂದ ವೈ-ಫೈ ನಿರ್ದೋಷಿ. ಅದೇ ಸಂಜೆ ಮೊಬೈಲ್ ಹಾಟ್‌ಸ್ಪಾಟಿನಿಂದ ಹೋಗುತ್ತದೆ. ಆದುದರಿಂದ ಗಣಕವೂ ಖಾತೆಯೂ ನಿರ್ದೋಷಿಗಳು.

ಲೆಕ್ಕ ಹಾಕಿದರೆ ಮರ್ಮ ತಿಳಿಯುತ್ತದೆ. 12 ಮೆಗಾಬೈಟಿನ ಲಗತ್ತು ದಾರಿಯಲ್ಲಿ 16 ಮೆಗಾಬೈಟ್, ಅಂದರೆ 128 ಮೆಗಾಬಿಟ್. ಬೆಳಿಗ್ಗೆ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಅದು 128 ಸೆಕೆಂಡುಗಳಲ್ಲಿ ಮೇಲೇರುತ್ತದೆ. ಸಂಜೆ ವೇಗ ಐದನೆಯ ಒಂದು ಪಾಲಿಗೆ ಇಳಿದರೆ 640 ಸೆಕೆಂಡು, ಅಂದರೆ ಹತ್ತು ನಿಮಿಷಕ್ಕೂ ಮಿಗಿಲು ಬೇಕು. ಅಷ್ಟು ಹೊತ್ತಿನಲ್ಲಿ ತಂತು ಒಂದೇ ಕ್ಷಣ ತಪ್ಪಿದರೂ ಎಲ್ಲವೂ ವ್ಯರ್ಥ. ರಾತ್ರಿ ಹತ್ತಕ್ಕೆ ಪತ್ರ ಹೋದುದು ರೂಟರನ್ನು ಆರಿಸಿದ್ದರಿಂದಲ್ಲ, ಬೀದಿ ಮಲಗಿದ್ದರಿಂದ. ಪರಿಹಾರವಾಗಿ ಆಮಂತ್ರಣವನ್ನು 1 ಮೆಗಾಬೈಟಿಗೆ ಕುಗ್ಗಿಸಬಹುದು, ಅಥವಾ ಕಡತವನ್ನು ಜಾಲದಲ್ಲಿ ಒಂದೆಡೆ ಇರಿಸಿ ಅದರ ಕೊಂಡಿಯನ್ನು ಮಾತ್ರ ಪತ್ರದಲ್ಲಿ ಕಳುಹಿಸಬಹುದು. ಹೊಸ ರೂಟರಿನ ಖರ್ಚು ಉಳಿಯಿತು.

ಮಾಡಬಾರದ ಕೆಲಸಗಳು

ಪತ್ರ ನಿಂತಾಗ ಆತುರದಿಂದ ಕಳುಹಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಒಂದೇ ಪತ್ರದ ನಾಲ್ಕು ಪ್ರತಿಗಳು ಹೋದಾವು. ಖಾತೆಯನ್ನು ಗಣಕದಿಂದ ತೆಗೆದು ಹೊಸದಾಗಿ ಸೇರಿಸುವ ಮೊದಲು ಹಳೆಯ ಪತ್ರಗಳು ಗಣಕದಲ್ಲಿ ಮಾತ್ರ ಉಳಿದಿವೆಯೇ ಎಂಬುದನ್ನು ನೋಡಬೇಕು. ಪಾಪ್ ಕ್ರಮದಲ್ಲಿ ಅವು ಸರ್ವರಿನಲ್ಲಿ ಇಲ್ಲದಿರಬಹುದು, ಹೋದರೆ ಹೋದಂತೆಯೇ. ಗೂಢಲಿಪಿಯ ರಕ್ಷಣೆಯನ್ನು ಕಿತ್ತುಹಾಕಿ ‘ಸುಲಭ’ ಮಾಡಿಕೊಳ್ಳಬಾರದು. ಪರೀಕ್ಷೆಗಾಗಿ ಆ್ಯಂಟಿವೈರಸ್ಸಿನ ಪತ್ರತಪಾಸಣೆಯನ್ನು ನಿಲ್ಲಿಸಿದರೆ ಪರೀಕ್ಷೆ ಮುಗಿದೊಡನೆ ಅದನ್ನು ಮತ್ತೆ ಚಾಲನೆಗೊಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ನಿಮ್ಮ ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡಿ’ ಎಂದು ಬರುವ ಪತ್ರಗಳನ್ನೂ ದೂರವಾಣಿ ಕರೆಗಳನ್ನೂ ನಂಬಬಾರದು. ಪತ್ರ ಹೋಗದೆ ಕಂಗೆಟ್ಟವರು ಇಂಥ ವಂಚಕರಿಗೆ ಬಹುಬೇಗ ಬಲಿಯಾಗುತ್ತಾರೆ.

ಉಪಸಂಹಾರ

ಎಷ್ಟೇ ಎಚ್ಚರವಹಿಸಿದರೂ ಮಿಂಚಂಚೆಯು ಪತ್ರ ಮುಟ್ಟಿಯೇ ಮುಟ್ಟುತ್ತದೆಂಬ ಭರವಸೆಯನ್ನು ಕೊಡುವುದಿಲ್ಲ. ಸ್ವೀಕರಿಸಿದ ಪತ್ರವನ್ನು ಮುಂದಕ್ಕೆ ಸಾಗಿಸಲು ಯತ್ನಿಸುವ, ಸಾಧ್ಯವಾಗದಿದ್ದರೆ ತಿಳಿಸುವ ಹೊಣೆಯನ್ನಷ್ಟೇ ಹೊರುತ್ತದೆ. ಆದಕಾರಣ ಒಬ್ಬರ ಭವಿಷ್ಯವನ್ನೋ ಒಬ್ಬರ ವಿಶ್ವಾಸವನ್ನೋ ಹೊತ್ತ ಪತ್ರವನ್ನು ಕೊನೆಯ ದಿನಾಂಕಕ್ಕಿಂತ ಎರಡು ಮೂರು ದಿನ ಮುಂಚಿತವಾಗಿ ಕಳುಹಿಸುವುದೂ, ಔಟ್‌ಬಾಕ್ಸ್ ಬರಿದಾಗಿದೆಯೆಂದು ನೋಡಿಯೇ ಗಣಕವನ್ನು ಮುಚ್ಚುವುದೂ, ‘ತಲುಪಿತು’ ಎಂಬ ಒಂದು ಸಾಲಿನ ಮರುತ್ತರವನ್ನು ಬೇಡುವುದೂ, ಅದು ಬಾರದಿದ್ದರೆ ದೂರವಾಣಿಯಲ್ಲಿ ವಿಚಾರಿಸುವುದೂ ಕಳುಹಿಸುವವರ ಕರ್ತವ್ಯ. ಪತ್ರ ಪಡೆದವರಿಗೂ ಒಂದು ಕರ್ತವ್ಯವುಂಟು. ಬರಬೇಕಾದುದು ಬಾರದಿದ್ದಾಗ ಬರೆಯಬೇಕಾದವರು ಮರೆತರೆಂದು ಬಗೆಯುವ ಮೊದಲು ಒಮ್ಮೆ ಕೇಳಿ ನೋಡಬೇಕು.

ಕೈಗೊಂಡ ಕೆಲಸವನ್ನು ಅದರ ಕೊನೆಯವರೆಗೆ ನಡೆಸುವುದೇ ಕಾಯಕವೆಂದು ಶರಣರ ಪರಂಪರೆ ನಮಗೆ ಕಲಿಸಿದೆ. ಪತ್ರ ಬರೆಯುವುದರೊಡನೆ ಆ ಕಾಯಕ ಮುಗಿಯುವುದಿಲ್ಲ; ಅದು ಓದಬೇಕಾದವರ ಕೈಸೇರಿದಾಗ ಮುಗಿಯುತ್ತದೆ. ನಡುವಣ ದಾರಿಯಲ್ಲಿ ಬಂದುಹೋಗುವ ವಿಷಮಜ್ವರಕ್ಕೆ ಒಂದು ನೋಟುಬುಕ್ಕು, ಸ್ವಲ್ಪ ತಾಳ್ಮೆ, ಒಂದು ಬಾರಿಗೆ ಒಂದೇ ಬದಲಾವಣೆ ಇವಿಷ್ಟೇ ಸಿದ್ಧೌಷಧಗಳು. ಇವನ್ನು ಮನೆಯ ಮಕ್ಕಳಿಗೂ ಶಾಲೆಯ ವಿದ್ಯಾರ್ಥಿಗಳಿಗೂ ಕಲಿಸಿಕೊಟ್ಟರೆ ಮಿಂಚಂಚೆಯಲ್ಲದೆ ಬೇರೆ ಯಂತ್ರಗಳ ಕಾಲಕ್ಕೂ ಅವರಿಗೆ ಉಪಕಾರವಾಗುತ್ತದೆ.